ಮೊದಲು ಒತ್ತಿದವರು ಯಾರು? ಕಂಪ್ಯೂಟರಿಗೆ ಜೋಡಿಸುವ ಕ್ವಿಜ್ ಬಜರ್ ಮನೆಯಲ್ಲೇ ಕಟ್ಟುವ ಬಗೆ

ಶಾಲಾ ವಾರ್ಷಿಕೋತ್ಸವದ ಕ್ವಿಜ್ ಇರಲಿ, ರಾಜ್ಯೋತ್ಸವಕ್ಕೆ ಬಡಾವಣೆಯ ಸಂಘ ನಡೆಸುವ ಸ್ಪರ್ಧೆ ಇರಲಿ, ಉತ್ತರದ ಬಗ್ಗೆ ಜಗಳ ಆಗುವುದು ಕಡಿಮೆ. ಜಗಳ ಆಗುವುದು ಯಾರ ಕೈ ಮೊದಲು ಎದ್ದಿತು ಎಂಬುದಕ್ಕೆ. ಕಾವೇರಿ ತಂಡದ ಹುಡುಗಿಯೂ ತುಂಗಾ ತಂಡದ ಹುಡುಗನೂ ಒಟ್ಟಿಗೇ ಕೈ ಎತ್ತಿದರೆ, ಮೇಷ್ಟ್ರು ಆ ಗಳಿಗೆಯಲ್ಲಿ ಯಾರ ಕಡೆ ನೋಡುತ್ತಿದ್ದರೋ ಅವರಿಗೆ ಅವಕಾಶ. ಬಜರ್ ಬೇಕಾಗುವುದು ಇದಕ್ಕೇ. ಆದರೆ ಕೆಟ್ಟದಾಗಿ ಕಟ್ಟಿದ ಬಜರ್ ಮೇಷ್ಟ್ರ ಕಣ್ಣಿಗಿಂತ ದೊಡ್ಡ ಅನ್ಯಾಯ ಮಾಡಬಲ್ಲದು. ಮೇಷ್ಟ್ರು ತಪ್ಪಿದರೆ ಮಕ್ಕಳು ಕೇಳುತ್ತಾರೆ. ಯಂತ್ರ ತಪ್ಪಿದರೆ ಯಾರೂ ಕೇಳುವುದಿಲ್ಲ.

ಸದ್ದು ಕೇಳಿ ಬೆರಳು ಒತ್ತಲು ಮನುಷ್ಯನಿಗೆ ಸುಮಾರು 150ರಿಂದ 200 ಮಿಲಿಸೆಕೆಂಡ್ ಬೇಕು. ಬೆಳಕು ನೋಡಿ ಒತ್ತಲು ಇನ್ನೂ ಸ್ವಲ್ಪ ಹೆಚ್ಚು. ಸಮಬಲದ ಇಬ್ಬರು ಒಂದೇ ಸೂಚನೆಗೆ ಕಾದು ಕೂತಿದ್ದರೆ ಅವರ ನಡುವಿನ ಅಂತರ 10 ಮಿಲಿಸೆಕೆಂಡಿನೊಳಗೆ ಬೀಳುವುದು ಅಪರೂಪವೇನಲ್ಲ. ಹಾಗಾಗಿ ನಾವು ಕಟ್ಟುವ ಸಾಧನದ ತಪ್ಪು 1 ಮಿಲಿಸೆಕೆಂಡಿಗಿಂತ ಕೆಳಗಿರಬೇಕು. ಸಾಧಾರಣ ಕಂಪ್ಯೂಟರಿನ ಕೈಯಲ್ಲಿ ಇದು ಆಗದು. ಆದ್ದರಿಂದ ಇಡೀ ಬರಹದ ತಳಪಾಯ ಒಂದೇ: ಯಾರು ಮೊದಲು ಎಂಬ ತೀರ್ಪು, ಗುಂಡಿಗಳ ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆಯಲ್ಲೇ ಆಗಿಬಿಡಬೇಕು. ಆ ತೀರ್ಪನ್ನು ಪರದೆಯಲ್ಲಿ ತೋರಿಸುವುದು, ಸದ್ದು ಮಾಡುವುದು, ಅಂಕ ಬರೆದಿಡುವುದು ಕಂಪ್ಯೂಟರಿನ ಕೆಲಸ.

ಹಳೇ ಕೀಬೋರ್ಡ್ ಬಿಚ್ಚಿ ಒಳಗಿನ ಪುಟ್ಟ ಬೋರ್ಡಿಗೆ ಆರು ಜೋಡಿ ತಂತಿ ಎಳೆಯುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಅಲ್ಲಿ ಮೂರು ತೊಡಕುಗಳಿವೆ. ಆ ಬೋರ್ಡಿನ ಅಂಚಿನ ಸಂಪರ್ಕಗಳಿಗೆ ಸಾಮಾನ್ಯವಾಗಿ ಇಂಗಾಲದ ಲೇಪ ಇರುತ್ತದೆ, ಅದಕ್ಕೆ ಸೋಲ್ಡರ್ ಹಿಡಿಯುವುದಿಲ್ಲ. ಕೆರೆದು ತಾಮ್ರ ಕಾಣಿಸಿಕೊಂಡ ಮೇಲೆ ಬೆಸೆಯಬೇಕು. ಎರಡನೆಯದು, ಕೀಬೋರ್ಡಿನೊಳಗೆ ಕೀಲಿಗಳು ಅಡ್ಡಸಾಲು ಕಂಬಸಾಲುಗಳ ಜಾಲದಲ್ಲಿವೆ. ಆಯತದ ಮೂರು ಮೂಲೆಯ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ನಾಲ್ಕನೇ ಮೂಲೆಯದ್ದೂ ಒತ್ತಿದಂತೆ ಕಾಣುತ್ತದೆ, ಇಲ್ಲವೇ ಮೂರನೆಯದನ್ನು ಬೋರ್ಡ್ ಕೈಬಿಡುತ್ತದೆ. ಮೂರನೆಯದೇ ದೊಡ್ಡದು. ಸಾಧಾರಣ ಕೀಬೋರ್ಡನ್ನು ಕಂಪ್ಯೂಟರ್ 8ರಿಂದ 10 ಮಿಲಿಸೆಕೆಂಡಿಗೊಮ್ಮೆ ವಿಚಾರಿಸುತ್ತದೆ. ಆ ಅವಧಿಯೊಳಗೆ ಇಬ್ಬರು ಒತ್ತಿದರೆ ಇಬ್ಬರ ಹೆಸರೂ ಒಂದೇ ವರದಿಯಲ್ಲಿ ಹೋಗುತ್ತದೆ. ಯಾರು ಮುಂಚೆ ಎಂಬ ಸುದ್ದಿ ದಾರಿಯಲ್ಲೇ ಕಳೆದುಹೋಗುತ್ತದೆ. ತರಗತಿಯಲ್ಲಿ ಮೋಜಿಗೆ ಇದು ಸಾಕು. ಬಹುಮಾನ ಇಟ್ಟ ಸ್ಪರ್ಧೆಗೆ ಸಾಲದು. ಆಟದ ಗುಂಡಿಗಳ ಜೊತೆ ಅಗ್ಗಕ್ಕೆ ಸಿಗುವ ಯುಎಸ್‌ಬಿ ಜಾಯ್‌ಸ್ಟಿಕ್ ಬೋರ್ಡುಗಳಿಗೂ ಇದೇ ಮಾತು ಅನ್ವಯ.

ಕಂಪ್ಯೂಟರ್ ಇಲ್ಲದ ಕಾಲದ ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳು ಈ ಸಮಸ್ಯೆಯನ್ನು ಎಷ್ಟು ಚೆನ್ನಾಗಿ ಬಿಡಿಸಿದ್ದರು ಎಂಬುದನ್ನು ಇಲ್ಲಿ ನೆನೆಯಲೇಬೇಕು. 74ಎಲ್‌ಎಸ್373 ಎಂಬ ಎಂಟು ಸಾಲಿನ ಲ್ಯಾಚ್ ಐಸಿ (ಬಂದ ಸ್ಥಿತಿಯನ್ನು ಹಾಗೇ ಹಿಡಿದಿಡುವ ಚಿಪ್), ಅದರ ಎಂಟೂ ಔಟ್‌ಪುಟ್‌ಗಳನ್ನು ಗಮನಿಸುವ 74ಎಲ್‌ಎಸ್30 ನ್ಯಾಂಡ್ ಗೇಟ್. ಯಾವುದೇ ಒಂದು ಸಾಲು ಬದಲಾದ ಕೂಡಲೇ ಗೇಟ್ ತಿರುಗಿ ಲ್ಯಾಚಿನ ಬಾಗಿಲು ಮುಚ್ಚಿಸುತ್ತದೆ. ಉಳಿದವರು ಎಷ್ಟು ಗುದ್ದಿದರೂ ಒಳಗೆ ಹೋಗುವುದಿಲ್ಲ. ತೀರ್ಪಿಗೆ ಹಿಡಿಯುವ ಸಮಯ ಹತ್ತಾರು ನ್ಯಾನೋಸೆಕೆಂಡ್. ನಾವು ಇಲ್ಲಿ ಬರೆಯುವ ಪ್ರೋಗ್ರಾಮ್ ಅಷ್ಟು ಬೇಗ ತೀರ್ಪು ಕೊಡುವುದಿಲ್ಲ. ಅದರ ಮಿತಿ ಎಂದರೆ, ಮೊದಲು ಒತ್ತಿದವರನ್ನು ಮಾತ್ರ ಹೇಳುತ್ತದೆ. ಉತ್ತರ ತಪ್ಪಾದರೆ ಎರಡನೆಯವರು ಯಾರು ಎಂಬ ಪ್ರಶ್ನೆಗೆ ಅದರ ಬಳಿ ಉತ್ತರವಿಲ್ಲ.

ಈಗಿನ ದಾರಿ ಮೈಕ್ರೋಕಂಟ್ರೋಲರ್, ಅಂದರೆ ನಾವು ಬರೆದ ಪ್ರೋಗ್ರಾಮನ್ನು ತಾನೇ ನಡೆಸುವ ಪುಟ್ಟ ಚಿಪ್. ಅದನ್ನು ಹೊತ್ತ ಬೋರ್ಡುಗಳಲ್ಲಿ ಆರ್ಡುಯಿನೊ ಊನೊ (ಆರ್3ವರೆಗಿನ ಮಾದರಿ) ಎಲ್ಲರ ಬಳಿಯೂ ಇರುತ್ತದೆ, ಆದರೆ ಅದರ ಮುಖ್ಯ ಚಿಪ್ಪಿಗೆ ಯುಎಸ್‌ಬಿ ಗೊತ್ತಿಲ್ಲ. ಕಂಪ್ಯೂಟರಿಗೆ ಅದು ಕೀಬೋರ್ಡಿನಂತೆ ಕಾಣುವುದಿಲ್ಲ. ಅಟ್‌ಮೆಗಾ32ಯು4 ಚಿಪ್ ಇರುವ ಲಿಯೊನಾರ್ಡೊ ಅಥವಾ ಪ್ರೊ ಮೈಕ್ರೊ ತೆಗೆದುಕೊಳ್ಳಿ. ತಾನೇ ಒಂದು ಕೀಬೋರ್ಡ್ ಎಂದು ಅದು ಕಂಪ್ಯೂಟರಿಗೆ ಪರಿಚಯ ಹೇಳಿಕೊಳ್ಳುತ್ತದೆ, ಬೇರೆ ಡ್ರೈವರ್ ಬೇಡ. ಪ್ರೊ ಮೈಕ್ರೊದಲ್ಲಿ 5 ವೋಲ್ಟಿನ, 16 ಮೆಗಾಹರ್ಟ್ಸಿನ ಮಾದರಿಯೇ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕೊಳ್ಳುವಾಗ ಇದನ್ನು ಕೇಳಿಯೇ ತನ್ನಿ, 3.3 ವೋಲ್ಟಿನದ್ದೂ ನೋಡಲು ಅದೇ ರೀತಿ ಇರುತ್ತದೆ.

ಪ್ರೊ ಮೈಕ್ರೊವನ್ನೇ ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ಅದರ 15, 16, 14, 8, 9, 10ನೇ ಪಿನ್ನುಗಳು ಚಿಪ್ಪಿನೊಳಗೆ ಪೋರ್ಟ್ ಬಿ ಎಂಬ ಒಂದೇ ಗುಂಪಿಗೆ ಸೇರಿವೆ, ಬಿಟ್ 1ರಿಂದ 6ರವರೆಗೆ ಇದೇ ಕ್ರಮದಲ್ಲಿ. ಆರು ತಂಡಕ್ಕೆ ಆರು ಪಿನ್. ಒಂದೊಂದೇ ಪಿನ್ನನ್ನು ಸರದಿಯಲ್ಲಿ ಓದಿದರೆ 1ನೇ ತಂಡಕ್ಕೆ ಸದಾ ಮೊದಲ ಮಣೆ. ಆ ಗುಂಪಿನ ಎಲ್ಲ ಪಿನ್ನುಗಳ ಸ್ಥಿತಿ ಒಟ್ಟಿಗೆ ಸಿಗುವ ಪಿನ್‌ಬಿ ರಿಜಿಸ್ಟರನ್ನು ಒಮ್ಮೆ ಓದಿದರೆ ಆರೂ ಗುಂಡಿಗಳ ಸ್ಥಿತಿ ಒಂದೇ ಕ್ಷಣದ ಚಿತ್ರವಾಗಿ ಕೈಗೆ ಬರುತ್ತದೆ. ಓದಿದ್ದನ್ನು 126ರೊಂದಿಗೆ ಆಂಡ್ ಮಾಡುವುದನ್ನು, ಅಂದರೆ ಬಿಟ್ 1ರಿಂದ 6 ಮಾತ್ರ ಉಳಿಸಿ ಮಿಕ್ಕಿದ್ದನ್ನು ಸೊನ್ನೆ ಮಾಡುವುದನ್ನು, ಮರೆಯಬೇಡಿ. ಬಿಟ್ 0 ಬೋರ್ಡಿನ ಮೇಲಿನ ಪುಟ್ಟ ಎಲ್‌ಇಡಿಗೆ ಹೋಗುತ್ತದೆ. ಯುಎಸ್‌ಬಿ ಮಾತುಕತೆ ನಡೆದಾಗಲೆಲ್ಲ ಅದು ಮಿನುಗುತ್ತದೆ, ಇಲ್ಲದ ಏಳನೇ ತಂಡ ಒತ್ತಿದಂತೆ ಕಾಣುತ್ತದೆ. ಗುಂಡಿಗಳ ದೀಪಕ್ಕೆ 2ರಿಂದ 7ರವರೆಗಿನ ಪಿನ್ನುಗಳು, ಕ್ವಿಜ್ ಮಾಸ್ಟರನ ಎರಡು ಗುಂಡಿಗಳಿಗೆ ಎ0 ಮತ್ತು ಎ1. 18ರಲ್ಲಿ 14 ಪಿನ್ ಮುಗಿದವು.

ಇನ್ನು ತಂತಿ. ಮೇಜಿನ ಮೇಲೆ ಒಂದಡಿ ತಂತಿಯಲ್ಲಿ ಸೊಗಸಾಗಿ ನಡೆದ ಬಜರ್ ವೇದಿಕೆಯಲ್ಲಿ 10 ಮೀಟರ್ ತಂತಿಯಲ್ಲಿ ಹುಚ್ಚು ಕುಣಿಯುವುದು ಬಹಳ ಸಾಮಾನ್ಯ. ಚಿಪ್ಪಿನೊಳಗಿನ ಪುಲ್‌ಅಪ್, ಅಂದರೆ ಗುಂಡಿ ಒತ್ತದಾಗ ಸಾಲನ್ನು 5 ವೋಲ್ಟಿನ ಕಡೆ ಎಳೆದಿಡುವ ರೆಸಿಸ್ಟರ್, 20ರಿಂದ 50 ಕಿಲೋಓಮ್. ಅಷ್ಟು ದುರ್ಬಲ ಹಿಡಿತದಲ್ಲಿರುವ ಉದ್ದ ತಂತಿ ಆಂಟೆನಾದಂತೆ ವರ್ತಿಸುತ್ತದೆ. ಪಕ್ಕದ ಟ್ಯೂಬ್‌ಲೈಟಿನ ಚೋಕ್ ಅಥವಾ ಫ್ಯಾನಿನ ಸ್ವಿಚ್ ಕೊಟ್ಟ ಒಂದು ಕಿಡಿ ಸಾಕು, ಯಾರೂ ಮುಟ್ಟದ ಗುಂಡಿ ಬಡಿದುಕೊಳ್ಳುತ್ತದೆ. ಪ್ರತಿ ಸಾಲಿಗೂ ಹೀಗೆ ಮಾಡಿ: ಕನೆಕ್ಟರಿನ ಬಳಿ ಸಾಲಿನಿಂದ 5 ವೋಲ್ಟಿಗೆ 1 ಕಿಲೋಓಮ್ ರೆಸಿಸ್ಟರ್. ಅಲ್ಲಿಂದ ಪಿನ್ನಿಗೆ ಹೋಗುವ ದಾರಿಯಲ್ಲಿ 330 ಓಮ್. ಪಿನ್ನಿನಿಂದ ಗ್ರೌಂಡಿಗೆ (ಸೊನ್ನೆ ವೋಲ್ಟಿನ ತಂತಿಗೆ) 100 ನ್ಯಾನೋಫ್ಯಾರಡ್ ಕೆಪಾಸಿಟರ್, ಮೇಲೆ 104 ಎಂದು ಬರೆದಿರುವ ಸಣ್ಣ ಸೆರಾಮಿಕ್ ಬಿಲ್ಲೆ. ಗುಂಡಿ ಒತ್ತಿದಾಗ ಸಾಲು ಗ್ರೌಂಡಿಗೆ ತಾಗಿ ಕೆಪಾಸಿಟರ್ 330 ಓಮ್ ಮೂಲಕ ಬರಿದಾಗುತ್ತದೆ, ಅದರ ಕಾಲಮಾನ 33 ಮೈಕ್ರೋಸೆಕೆಂಡ್. ನ್ಯಾಯಕ್ಕೆ ಧಕ್ಕೆ ಬರದಷ್ಟು ಬೇಗ, ಸಣ್ಣ ಕಿಡಿಗಳನ್ನು ನುಂಗುವಷ್ಟು ನಿಧಾನ. 330 ಓಮ್ ಚಿಪ್ಪಿನ ಕಾವಲೂ ಹೌದು.

ಆ 1 ಕಿಲೋಓಮ್‌ಗೆ ಇನ್ನೊಂದು ಗುಣ ಇದೆ. ಗುಂಡಿ ಮುಚ್ಚಿದಾಗ ಅದರಲ್ಲಿ 5 ಮಿಲಿಆಂಪಿಯರ್ ಹರಿಯುತ್ತದೆ. ಕಾಲಿಂಗ್ ಬೆಲ್ಲಿನ ಸ್ವಿಚ್ ಬಳಸುವವರಿಗೆ ಇದು ಮುಖ್ಯ. ಗೋಡೆಯ ಮೇಲೆ ಕೂರುವ ಪ್ಲಾಸ್ಟಿಕ್ ಬಾಕ್ಸಿನಲ್ಲಿ ಒಂದು ಬೆಲ್ ಪುಶ್ ಹಾಕಿದರೆ ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಸಿಗುವ ಅಗ್ಗದ ಬಜರ್ ಆಯಿತು. ಆದರೆ ಅದರ ಸಂಪರ್ಕಗಳು 230 ವೋಲ್ಟಿಗೆಂದು ಮಾಡಿದವು. ಅವುಗಳ ಮೇಲೆ ಕೂರುವ ತೆಳು ಕಿಲುಬನ್ನು ಹೆಚ್ಚು ವೋಲ್ಟೇಜ್ ತಾನೇ ಸೀಳಿಕೊಂಡು ಹೋಗುತ್ತದೆ. 5 ವೋಲ್ಟ್ ಮತ್ತು ಅತಿ ಸಣ್ಣ ಕರೆಂಟಿಗೆ ಅದು ಆಗುವುದಿಲ್ಲ. ನಾಲ್ಕು ಬಾರಿ ಒತ್ತಿದರೆ ಮೂರು ಬಾರಿ ಕೇಳಿಸುವ ಬೆಲ್ ಸ್ವಿಚ್ಚಿನ ರೋಗ ಸಾಮಾನ್ಯವಾಗಿ ಇದೇ. ಇನ್ನೊಂದು ಎಚ್ಚರಿಕೆ: ಮನೆಯ ಕರೆಂಟನ್ನು ಈ ಪೆಟ್ಟಿಗೆಯ ಹತ್ತಿರಕ್ಕೂ ತರಬೇಡಿ. ದೊಡ್ಡ ಬೆಲ್ ಬಾರಿಸುವ ಆಸೆಗೆ ರಿಲೇ ಇಟ್ಟು ಮಕ್ಕಳ ಕೈಗೆ ಸಿಗುವ ಪೆಟ್ಟಿಗೆಯಲ್ಲಿ 230 ವೋಲ್ಟ್ ತುಂಬುವುದು ಸಲ್ಲದು. ಸದ್ದಿಗೆ ಕಂಪ್ಯೂಟರಿನ ಸ್ಪೀಕರ್ ಇದೆ.

ಕೇಬಲ್ ವಿಷಯದಲ್ಲಿ ಕಟ್ಟಡಗಳ ಗೋಡೆಯೊಳಗೆ ಎಳೆಯುವ ಲ್ಯಾನ್ ತಂತಿ ಬೇಡ. ಅದರ ಒಳಗಿರುವುದು ಒಂದೇ ಗಟ್ಟಿ ಎಳೆ; ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮೂರನೇ ಕಾರ್ಯಕ್ರಮಕ್ಕೆ ಒಳಗೇ ಮುರಿದಿರುತ್ತದೆ, ಹೊರಗಿನಿಂದ ಕಾಣುವುದೂ ಇಲ್ಲ. ಹಲವು ನವಿರು ಎಳೆಗಳ ಪ್ಯಾಚ್ ಕೇಬಲ್ ತನ್ನಿ. ಅದರಲ್ಲಿ ಹೆಣೆದ ನಾಲ್ಕು ಜೋಡಿಗಳಿರುತ್ತವೆ: ಒಂದು ಜೋಡಿಯಲ್ಲಿ ಗುಂಡಿ ಮತ್ತು ಗ್ರೌಂಡ್, ಇನ್ನೊಂದರಲ್ಲಿ ದೀಪ ಮತ್ತು ಗ್ರೌಂಡ್. ಗುಂಡಿಯ ತಂತಿ ತನ್ನದೇ ಗ್ರೌಂಡಿನ ಜೊತೆ ಹೆಣೆದುಕೊಂಡಿದ್ದರೆ ಹೊರಗಿನ ಗದ್ದಲ ಅರ್ಧ ಅಲ್ಲೇ ಸಾಯುತ್ತದೆ. ಸ್ಪೀಕರ್ ತಂತಿ, ಎಕ್ಸ್‌ಟೆನ್ಶನ್ ಬೋರ್ಡ್ ಇವುಗಳ ಜೊತೆ ಒಂದೇ ಕಟ್ಟಿನಲ್ಲಿ ಎಳೆಯಬೇಡಿ. ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿ.

ಕನೆಕ್ಟರ್ ಆಯ್ಕೆಯಲ್ಲಿ ಕಟ್ಟುವವರು ಆಮೇಲೆ ಪಶ್ಚಾತ್ತಾಪ ಪಡುವುದೇ ಹೆಚ್ಚು. ಇಯರ್‌ಫೋನಿನ 3.5 ಮಿ.ಮೀ. ಜ್ಯಾಕ್ ಅಗ್ಗ, ಆದರೆ ಚುಚ್ಚುವಾಗ ತುದಿ ಪಕ್ಕದ ಲೋಹಕ್ಕೆ ತಾಗಿ ಶಾರ್ಟ್ ಆಗುತ್ತದೆ, ಎಳೆದಾಡಿದರೆ ಸಡಿಲವಾಗುತ್ತದೆ. ಮೈಕಿನ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಗಟ್ಟಿಮುಟ್ಟು, ಆದರೆ ವೇದಿಕೆಯಲ್ಲಿ ಮೈಕ್ ಕೇಬಲ್‌ಗಳೂ ಬಿದ್ದಿರುತ್ತವೆ; ಧ್ವನಿವರ್ಧಕದವರು ಅದನ್ನು ತಮ್ಮದೆಂದು ಮಿಕ್ಸರಿಗೆ ಚುಚ್ಚಿ 48 ವೋಲ್ಟ್ ಹರಿಸಿದರೆ ಗುಂಡಿಯ ದೀಪ ಹಾಳಾಗಬಹುದು. ಲ್ಯಾನ್ ಪ್ಲಗ್ಗಿನ ಕಥೆಯೂ ಅದೇ, ಯಾರಾದರೂ ಲ್ಯಾಪ್‌ಟಾಪಿಗೆ ಚುಚ್ಚುತ್ತಾರೆ. ತಿರುಪು ಬಿಗಿಯುವ ಜಿಎಕ್ಸ್16 ನಾಲ್ಕು ಪಿನ್ನಿನ ಕನೆಕ್ಟರ್ ನನ್ನ ಆಯ್ಕೆ. ಬೇರೆ ಯಾವುದಕ್ಕೂ ಹೊಂದುವುದಿಲ್ಲ, ಕಾಲು ತಗುಲಿದರೂ ಕಳಚುವುದಿಲ್ಲ. ಕಳಚದ್ದರಿಂದಲೇ ಕೇಬಲನ್ನು ಮೇಜಿನ ಕಾಲಿಗೆ ಟೇಪ್ ಹಾಕಿ ಹಿಡಿಸಬೇಕು, ಇಲ್ಲವಾದರೆ ಎಡವಿದವರ ಜೊತೆ ಪೆಟ್ಟಿಗೆಯೇ ಬರುತ್ತದೆ.

ಗುಂಡಿಯ ಬಗ್ಗೆ ಕಟ್ಟುವವರು ಯೋಚಿಸುವುದು ಕಡಿಮೆ, ಅನ್ಯಾಯ ಹೆಚ್ಚು ನುಸುಳುವುದು ಅಲ್ಲೇ. ವಿಡಿಯೋ ಗೇಮ್ ಯಂತ್ರಗಳ ಗುಂಡಿಗಳು 24, 30, 60, 100 ಮಿ.ಮೀ. ಅಳತೆಗಳಲ್ಲಿ ಸಿಗುತ್ತವೆ. 100 ಮಿ.ಮೀ.ನ ಗುಮ್ಮಟದಂಥದ್ದು ನೋಡಲು ಬಲು ಚೆಂದ, ಮಕ್ಕಳಿಗೆ ಅದನ್ನು ಗುದ್ದುವುದೇ ಸಂಭ್ರಮ. ಆದರೆ ಅದು ಕೆಳಗಿಳಿಯಬೇಕಾದ ದೂರ ಹಲವು ಮಿಲಿಮೀಟರ್. ಅಂಚಿನಲ್ಲಿ ಹೊಡೆದರೆ ಓರೆಯಾಗಿ ಇಳಿದು ಇನ್ನೂ ತಡ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಬರುವ ಬೆರಳಿಗೂ ಒಂದೊಂದು ಮಿಲಿಮೀಟರಿಗೆ 1 ಮಿಲಿಸೆಕೆಂಡ್ ಹೋಗುತ್ತದೆ. ಪೆಟ್ಟಿಗೆಯೊಳಗೆ ಮೈಕ್ರೋಸೆಕೆಂಡ್ ಲೆಕ್ಕ ಹಾಕಿ ಇಲ್ಲಿ ಮಿಲಿಸೆಕೆಂಡ್ ಚೆಲ್ಲುವುದರಲ್ಲಿ ಅರ್ಥವಿಲ್ಲ. 60 ಮಿ.ಮೀ.ನದ್ದು ಒಳ್ಳೆಯ ಮಧ್ಯದಾರಿ. ಯಾವುದಾದರೂ ಸರಿ, ಆರೂ ಒಂದೇ ಅಂಗಡಿಯ ಒಂದೇ ಮಾದರಿ ಇರಬೇಕು, ಏಳನೆಯದೊಂದು ಕೈಯಲ್ಲಿರಬೇಕು. ಹಳೆಯ ಐದಕ್ಕೆ ಹೊಸದೊಂದು ಸೇರಿಸಿದರೆ ಸ್ಪ್ರಿಂಗ್ ಗಡಸು ಬೇರೆಯಾಗುತ್ತದೆ, ಮಕ್ಕಳ ಬೆರಳಿಗೆ ಅದು ಗೊತ್ತಾಗುತ್ತದೆ. ತೂತು ಕೊರೆಯುವ ಮುಂಚೆ ಕೈಯಲ್ಲಿರುವ ಗುಂಡಿಯ ಕುತ್ತಿಗೆ ಅಳೆಯಿರಿ. 60, 100 ಮಿ.ಮೀ.ನ ಗುಂಡಿಗಳಲ್ಲಿ ಹೆಸರಿನ ಅಳತೆ ಮೇಲಿನ ತಲೆಯದ್ದು, ಕೆಳಗಿನ ತೂತಿನದ್ದಲ್ಲ. ಗುಂಡಿಯ ಕೆಳಗಿನ ಮೈಕ್ರೋಸ್ವಿಚ್ಚಿಗೆ ಮೂರು ಕಾಲು: ಸಿಒಎಂ (ಎರಡಕ್ಕೂ ಸಾಮಾನ್ಯವಾದದ್ದು), ಎನ್‌ಒ (ಒತ್ತಿದಾಗ ಸೇರುವುದು), ಎನ್‌ಸಿ (ಬಿಟ್ಟಾಗ ಸೇರಿರುವುದು). ನಮಗೆ ಬೇಕಾದ್ದು ಮೊದಲೆರಡು. ಎನ್‌ಸಿಗೆ ಬೆಸೆದರೆ ಎಲ್ಲ ತಲೆಕೆಳಗು: ಬಿಟ್ಟಾಗ ಒತ್ತಿದಂತೆ, ಒತ್ತಿದಾಗ ಬಿಟ್ಟಂತೆ. ಪೆಟ್ಟಿಗೆ ಹಗುರವಾಗಿದ್ದರೆ ಗುದ್ದಿದ ರಭಸಕ್ಕೆ ಜಾರುತ್ತದೆ; ತಳಕ್ಕೆ ಕಬ್ಬಿಣದ ಪಟ್ಟಿ ಮತ್ತು ನಾಲ್ಕು ರಬ್ಬರ್ ಕಾಲು ಹಾಕಿ.

ಗುಂಡಿಯೊಳಗಿನ ದೀಪ 5 ವೋಲ್ಟಿನದ್ದೋ 12 ವೋಲ್ಟಿನದ್ದೋ ನೋಡಿ. 12ರದ್ದು 5ರಲ್ಲಿ ಮಂಕಾಗಿ ಉರಿಯುತ್ತದೆ, ವೇದಿಕೆಯ ಬೆಳಕಿನಲ್ಲಿ ಕಾಣುವುದೇ ಇಲ್ಲ. ಬರೀ ಎಲ್‌ಇಡಿಯಾದರೆ 220 ಓಮ್ ಸೇರಿಸಿ, ಸುಮಾರು 13 ಮಿಲಿಆಂಪಿಯರ್ ಹರಿಯುತ್ತದೆ, ಪಿನ್ನಿಗೆ ಭಾರವಲ್ಲ. 12 ವೋಲ್ಟಿನ ದೀಪವೇ ಬೇಕಿದ್ದರೆ ನಡುವೆ ಯುಎಲ್‌ಎನ್2003 ಇಡಿ, ಪಿನ್ನಿನ ಸಣ್ಣ ಸೂಚನೆಯಿಂದ ದೊಡ್ಡ ಕರೆಂಟ್ ಹಾಯಿಸುವ ಚಿಪ್ ಅದು. ಅದರಲ್ಲಿ ಏಳು ಸಾಲು, ಆರು ತಂಡಕ್ಕೆ ಹೇಳಿಮಾಡಿಸಿದಂತೆ. ಈ ದೀಪ ಅಲಂಕಾರಕ್ಕಲ್ಲ. ತೀರ್ಪು ತಂಡದ ಕೈಕೆಳಗೇ ಬೆಳಗಿದಾಗ ಪರದೆ ನೋಡಿ ವಾದ ಮಾಡುವ ಪ್ರಮೇಯ ಬರುವುದಿಲ್ಲ.

ಪ್ರೋಗ್ರಾಮಿಗೆ ಮೂರು ಸ್ಥಿತಿ ಸಾಕು: ಮುಚ್ಚಿದೆ, ತೆರೆದಿದೆ, ಸಿಕ್ಕಿತು. ಕ್ವಿಜ್ ಮಾಸ್ಟರನ ಒಂದು ಗುಂಡಿ ತೆರೆಯುತ್ತದೆ, ಇನ್ನೊಂದು ಅಳಿಸಿ ಮತ್ತೆ ಮುಚ್ಚುತ್ತದೆ. ಲೋಹದ ಸಂಪರ್ಕ ಮುಚ್ಚುವಾಗ ಕೆಲವು ಮಿಲಿಸೆಕೆಂಡ್ ಪುಟಿಯುತ್ತದೆ ಎಂಬ ಕಾರಣಕ್ಕೆ ಹಲವರು ಗುಂಡಿ ನೆಲೆ ನಿಂತ ಮೇಲೆ ಸಮಯ ಬರೆದುಕೊಳ್ಳುತ್ತಾರೆ. ಅದು ತಪ್ಪು, ಹೆಚ್ಚು ಪುಟಿಯುವ ಗುಂಡಿಯ ತಂಡಕ್ಕೆ ಅನ್ಯಾಯ. ಮೊದಲ ಸ್ಪರ್ಶದ ಸಮಯವನ್ನು ಬೋರ್ಡಿನೊಳಗಿನ ಮೈಕ್ರೋಸ್ ಎಂಬ ಗಡಿಯಾರದಿಂದ ಬರೆದಿಟ್ಟುಕೊಳ್ಳಿ, 4 ಮೈಕ್ರೋಸೆಕೆಂಡಿನ ನಿಖರತೆ ಸಿಗುತ್ತದೆ. ಮುಂದಿನ 2 ಮಿಲಿಸೆಕೆಂಡ್ ಆರೂ ಸಾಲುಗಳನ್ನು ಓದುತ್ತಲೇ ಇರಿ. ಅರ್ಧಕ್ಕಿಂತ ಹೆಚ್ಚು ಬಾರಿ ಒತ್ತಿದಂತೆ ಕಂಡರೆ ಅದು ಬೆರಳು, ಇಲ್ಲದಿದ್ದರೆ ಗದ್ದಲ, ಬಿಸಾಕಿ. ಆಮೇಲೆ ಬರೆದಿಟ್ಟ ಸಮಯಗಳನ್ನು ಹೋಲಿಸಿ ತೀರ್ಪು. ತೀರ್ಪು 2 ಮಿಲಿಸೆಕೆಂಡ್ ತಡವಾಗಿದ್ದು ಯಾರಿಗೂ ಗೊತ್ತಾಗದು. ಇಬ್ಬರ ಸಮಯವೂ ಒಂದೇ ಆದರೆ ಚೀಟಿ ಎತ್ತಿದಂತೆ ರ‍್ಯಾಂಡಮ್ ಆಗಿ ಆರಿಸಬೇಕು, ಕ್ರಮಾಂಕ ನೋಡಿಯಲ್ಲ. ಮೊದಲನೆಯವರು ಸಿಕ್ಕ ಮೇಲೂ ಐದು ಸೆಕೆಂಡ್ ಓದುತ್ತಲೇ ಇದ್ದರೆ ಎರಡನೆಯವರು, ಮೂರನೆಯವರು ಎಂಬ ಸಾಲೂ ಸಿಗುತ್ತದೆ. ಈ ಭಾಗದಲ್ಲಿ ಸುಮ್ಮನೆ ಕಾಯಿಸುವ ಡಿಲೇ ಎಂಬ ಆದೇಶಕ್ಕೆ ಜಾಗವಿಲ್ಲ, ಆ ಹೊತ್ತಿನಲ್ಲಿ ಬೋರ್ಡ್ ಕಿವುಡಾಗಿರುತ್ತದೆ.

ಬಾಗಿಲು ತೆರೆಯುವ ಮುಂಚೆಯೇ ಗುಂಡಿ ಅದುಮಿ ಹಿಡಿದು ಕೂರುವ ಜಾಣರಿರುತ್ತಾರೆ. ಒತ್ತಿದೆಯೇ ಎಂದು ನೋಡುವ ಪ್ರೋಗ್ರಾಮ್ ಅವರನ್ನೇ ಗೆಲ್ಲಿಸುತ್ತದೆ. ಬಿಟ್ಟಿದ್ದದ್ದು ಒತ್ತಿತೇ ಎಂದು ನೋಡಬೇಕು. ಅವಸರಕ್ಕೆ ದಂಡವೂ ಬೇಕು. ಅಮೆರಿಕದ ಜೆಪರ್ಡಿ ಟಿ.ವಿ. ಸ್ಪರ್ಧೆಯಲ್ಲಿ 1985ರಿಂದ ಈ ಪದ್ಧತಿ ಇದೆ: ಪ್ರಶ್ನೆ ಓದಿ ಮುಗಿದ ಮೇಲೆ ಸಿಬ್ಬಂದಿಯೊಬ್ಬರು ಬಜರುಗಳನ್ನು ತೆರೆಯುತ್ತಾರೆ, ಅದಕ್ಕೂ ಮುಂಚೆ ಒತ್ತಿದವರ ಗುಂಡಿ ಕಾಲು ಸೆಕೆಂಡ್ ಸತ್ತಿರುತ್ತದೆ. ಅದೇ 250 ಮಿಲಿಸೆಕೆಂಡನ್ನು ನಮ್ಮ ಪೆಟ್ಟಿಗೆಯಲ್ಲೂ ಇಡಬಹುದು. ಪ್ರಶ್ನೆಯ ನಡುವೆಯೇ ಒತ್ತಲು ಬಿಡುವ ಸ್ಪರ್ಧೆಯಾದರೆ ಈ ದಂಡ ತೆಗೆಯಿರಿ, ಆದರೆ ನಿಯಮ ಮೊದಲೇ ಓದಿ ಹೇಳಿ.

ಕಂಪ್ಯೂಟರಿನ ಕಡೆ ಅತಿ ಸುಲಭದ ದಾರಿಗೆ ಯಾವ ಪ್ರೋಗ್ರಾಮೂ ಬೇಡ. ಪವರ್‌ಪಾಯಿಂಟ್ ಸ್ಲೈಡ್ ಶೋ ನಡೆಯುವಾಗ ಸಂಖ್ಯೆ ಒತ್ತಿ ಎಂಟರ್ ಒತ್ತಿದರೆ ಆ ಸ್ಲೈಡಿಗೇ ಹೋಗುತ್ತದೆ. 2ರಿಂದ 7ನೇ ಸ್ಲೈಡಿನಲ್ಲಿ ತುಂಗಾ, ಭದ್ರಾ, ಕಾವೇರಿ ಎಂದು ತಂಡಗಳ ಹೆಸರು ದಪ್ಪಕ್ಷರದಲ್ಲಿ ಹಾಕಿ, ಟ್ರಾನ್ಸಿಶನ್ನಿಗೆ ಒಂದೊಂದು ಸದ್ದು ಜೋಡಿಸಿ. 3ನೇ ತಂಡ ಗೆದ್ದರೆ ಬೋರ್ಡ್ 4 ಮತ್ತು ಎಂಟರ್ ಕಳಿಸಲಿ. ಆ ಸ್ಲೈಡಿನ ಮೇಲೆ ಹಿಂದೆ ನೋಡಿದ ಸ್ಲೈಡಿಗೆ ಮರಳುವ ಆಕ್ಷನ್ ಬಟನ್ ಇಟ್ಟರೆ ಒಂದು ಕ್ಲಿಕ್ಕಿಗೆ ಪ್ರಶ್ನೆಗೆ ವಾಪಸ್. ಶೋ ಆರಂಭಿಸುವಾಗ 8ನೇ ಸ್ಲೈಡಿನಲ್ಲಿ ನಿಂತು ಶಿಫ್ಟ್ ಎಫ್5. ತಂಡದ ಸ್ಲೈಡುಗಳನ್ನು ಕೊನೆಯಲ್ಲಿಡಬೇಡಿ, ಒಂದು ಪ್ರಶ್ನೆ ಸೇರಿಸಿದ ಕೂಡಲೇ ಸಂಖ್ಯೆಗಳೆಲ್ಲ ಜಾರುತ್ತವೆ.

ಸ್ವಂತ ವೆಬ್ ಪುಟ ಬರೆಯುವವರು ಎಫ್13ರಿಂದ ಎಫ್18ರವರೆಗಿನ ಕೀಲಿಗಳನ್ನು ಕಳಿಸಲಿ. ಸಾಮಾನ್ಯ ಕೀಬೋರ್ಡಿನಲ್ಲಿ ಅವು ಇಲ್ಲವಾದ್ದರಿಂದ ಯಾರ ಬೆರಳೂ ತಪ್ಪಿ ತಾಗುವುದಿಲ್ಲ. ಕೀಬೋರ್ಡ್ ವೇಷದ ದೌರ್ಬಲ್ಯ ಒಂದೇ: ಯಾವ ಕಿಟಕಿ ಮುಂದಿದೆಯೋ ಅದಕ್ಕೆ ಅಕ್ಷರ ಹೋಗುತ್ತದೆ. ಅಪ್‌ಡೇಟ್ ಸೂಚನೆಯೊಂದು ಮೇಲೆ ಬಂದು ಕೂತರೆ ಬಜರ್ ಸತ್ತಂತೆಯೇ. ಇದನ್ನು ತಪ್ಪಿಸಲು ಸೀರಿಯಲ್ ಮೂಲಕ, ಅಂದರೆ ಕೀಬೋರ್ಡ್ ವೇಷವಿಲ್ಲದೆ ಅಕ್ಷರಗಳನ್ನು ಒಂದರ ಹಿಂದೊಂದು ಕಳಿಸುವ ದಾರಿಯಲ್ಲಿ, ಮಾತಾಡಿಸಬಹುದು. 2021ರಲ್ಲಿ ಬಂದ ಕ್ರೋಮ್ 89ರಿಂದ ವೆಬ್ ಪುಟವೇ ಸೀರಿಯಲ್ ಪೋರ್ಟ್ ಓದಬಲ್ಲದು. ಊನೊ ಇಟ್ಟುಕೊಂಡವರಿಗೂ ಇದೇ ದಾರಿ. ವೇಗವನ್ನು ಸೆಕೆಂಡಿಗೆ 9600 ಬಿಟ್‌ನಲ್ಲಿ ಬಿಡಬೇಡಿ, ಅಲ್ಲಿ ಒಂದೊಂದು ಅಕ್ಷರಕ್ಕೆ 1 ಮಿಲಿಸೆಕೆಂಡ್; 115200ರಲ್ಲಿ 87 ಮೈಕ್ರೋಸೆಕೆಂಡ್. ಪುಟ ಪೋರ್ಟ್ ತೆರೆದಾಗಲೆಲ್ಲ ಊನೊ ರೀಸೆಟ್ ಆಗುತ್ತದೆ. ರೀಸೆಟ್ ಮತ್ತು ಗ್ರೌಂಡ್ ನಡುವೆ 10 ಮೈಕ್ರೋಫ್ಯಾರಡ್ ಇಟ್ಟರೆ ನಿಲ್ಲುತ್ತದೆ, ಹೊಸ ಪ್ರೋಗ್ರಾಮ್ ಹಾಕುವಾಗ ಅದನ್ನು ಕಿತ್ತಿಡಬೇಕು. ಸದ್ದಿಗಾಗಿ ಬ್ಲೂಟೂತ್ ಸ್ಪೀಕರ್ ಬೇಡ, ದೀಪ ಹೊತ್ತಿ ಎಷ್ಟೋ ಹೊತ್ತಿನ ಮೇಲೆ ಕೂಗುತ್ತದೆ. ಬ್ರೌಸರಿಗೆ ಒಮ್ಮೆ ಮೌಸ್ ಒತ್ತದೆ ಸದ್ದು ಹೊರಡಿಸಲು ಅನುಮತಿ ಇರುವುದಿಲ್ಲ, ಆರಂಭದಲ್ಲೇ ಪುಟದ ಮೇಲೆ ಒಂದು ಕ್ಲಿಕ್ ಮಾಡಿಡಿ.

ಪ್ರೊ ಮೈಕ್ರೊ ಬಳಸುವವರಿಗೆ ಎರಡು ಮಾತು. ಪ್ರೋಗ್ರಾಮ್ ತಪ್ಪಿ ಎಡೆಬಿಡದೆ ಕೀಲಿ ಒತ್ತತೊಡಗಿದರೆ ಕಂಪ್ಯೂಟರನ್ನು ಮುಟ್ಟಲಿಕ್ಕೂ ಆಗುವುದಿಲ್ಲ. ಎ2 ಪಿನ್ನಿಗೆ ಒಂದು ಸ್ವಿಚ್ ಇಟ್ಟು, ಅದು ಗ್ರೌಂಡಿಗೆ ತಾಗಿದ್ದರೆ ಮಾತ್ರ ಕೀಲಿ ಕಳಿಸು ಎಂದು ಮೊದಲ ದಿನವೇ ಬರೆಯಿರಿ. ಸಿಕ್ಕಿಬಿದ್ದರೆ ರೀಸೆಟ್ ಪಿನ್ನನ್ನು ಬೇಗಬೇಗ ಎರಡು ಬಾರಿ ಗ್ರೌಂಡಿಗೆ ತಾಗಿಸಿ. ಬೋರ್ಡ್ 8 ಸೆಕೆಂಡ್ ಸುಮ್ಮನಿರುತ್ತದೆ, ಅಷ್ಟರಲ್ಲಿ ಸರಿಯಾದ ಪ್ರೋಗ್ರಾಮ್ ಏರಿಸಬೇಕು. ಇನ್ನು ಆ ಬೋರ್ಡಿನ ಮೈಕ್ರೋ ಯುಎಸ್‌ಬಿ ಕಿಂಡಿ ಎಳೆತಕ್ಕೆ ಕಿತ್ತೇ ಬರುತ್ತದೆ. ಒಳಗೆ ಚಿಕ್ಕ ಕೇಬಲ್ ಚುಚ್ಚಿ ಬಿಸಿ ಗೋಂದು ಹಾಕಿ, ಪೆಟ್ಟಿಗೆಯ ಗೋಡೆಗೆ ಬೇರೆ ಸಾಕೆಟ್ ಕೂರಿಸಿ.

ತಂತಿಯಿಲ್ಲದೆ ಮಾಡಬಾರದೇ ಎಂದು ಕೇಳುವವರಿದ್ದಾರೆ. ಮೊಬೈಲಿನ ಬಜರ್ ಪುಟಗಳಲ್ಲಿ ವೈಫೈ ಒಂದೊಂದು ಫೋನಿಗೆ ಒಂದೊಂದು ತಡ ಮಾಡುತ್ತದೆ. ನೂರಾರು ಫೋನುಗಳಿರುವ ಸಭಾಂಗಣದಲ್ಲಿ ಅದು ಇನ್ನೂ ಏರುಪೇರು. ಅದಕ್ಕಿಂತ ಬಜರನ್ನೇ ಬಿಟ್ಟು, ಉತ್ತರವನ್ನು ಚೀಟಿಯಲ್ಲಿ ಬರೆದು ಕೊಡಿಸುವ ಪೌನ್ಸ್ ಪದ್ಧತಿ ಎಷ್ಟೋ ನ್ಯಾಯವಾದದ್ದು.

ಕಟ್ಟಿ ಮುಗಿದ ಮೇಲೆ ಎರಡು ಪರೀಕ್ಷೆ ಮಾಡದೆ ವೇದಿಕೆಗೆ ಒಯ್ಯಬೇಡಿ. 1 ಮತ್ತು 6ನೇ ತಂಡದ ಸಾಲುಗಳನ್ನು ಒಂದೇ ಗುಂಡಿಗೆ ಸೇರಿಸಿ ನೂರು ಬಾರಿ ಒತ್ತಿ. ಫಲಿತಾಂಶ ಹೆಚ್ಚುಕಮ್ಮಿ ಅರ್ಧರ್ಧ ಬರಬೇಕು. ನೂರಕ್ಕೆ ನೂರು ಒಂದೇ ತಂಡಕ್ಕೆ ಹೋದರೆ ಮೊದಲು ಆ ಎರಡು ಕೆಪಾಸಿಟರ್‌ಗಳನ್ನು ಅದಲುಬದಲು ಮಾಡಿ ನೋಡಿ; ಅಗ್ಗದ ಬಿಲ್ಲೆಗಳ ನಿಜವಾದ ಫ್ಯಾರಡ್ ಅಳತೆ ಶೇ. 20ರಷ್ಟು ಹೆಚ್ಚುಕಡಿಮೆ ಇರುತ್ತದೆ, ಆ ಕೆಲವು ಮೈಕ್ರೋಸೆಕೆಂಡೇ ಕಾರಣವಾಗಿದ್ದರೆ ಗೆಲುವೂ ಬದಲಾಗುತ್ತದೆ, ಚಿಂತೆ ಬೇಡ. ಬದಲಾಗದಿದ್ದರೆ ಪಕ್ಷಪಾತ ಬಹುಶಃ ಪ್ರೋಗ್ರಾಮಿನಲ್ಲಿದೆ. ಎರಡನೆಯದು ಗದ್ದಲದ ಪರೀಕ್ಷೆ: ಕೇಬಲ್‌ಗಳನ್ನು ಪೂರ್ತಿ ಉದ್ದಕ್ಕೆ ಹಾಸಿ, ಪಕ್ಕದಲ್ಲೇ ಮಿಕ್ಸಿ ಓಡಿಸಿ, ಟ್ಯೂಬ್‌ಲೈಟ್ ಇಪ್ಪತ್ತು ಸಲ ಹಾಕಿ ಆರಿಸಿ. ಯಾರೂ ಮುಟ್ಟದೆ ಒಂದು ದೀಪ ಹೊತ್ತಿದರೂ ಆ ಸಾಲಿನ ಬೆಸುಗೆ ಮತ್ತು ಗ್ರೌಂಡ್ ಬಿಚ್ಚಿ ನೋಡಬೇಕು.